ಕೋಣೆಯೊಳಗೆ ಮೂಡಿದ ಕಾಡುಬೆಟ್ಟಗಳು

ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೂ ಯುರೋಪಿನ ಬಹುಪಾಲು ಪ್ರಯಾಣಿಕರಿಗೆ ಆಲ್ಪ್ಸ್ ಪರ್ವತಗಳು ಹೇಗಾದರೂ ದಾಟಿ ಮುಗಿಸಬೇಕಾದ ದುರ್ಗಮ ದಾರಿಯಾಗಿದ್ದವೇ ಹೊರತು ನಿಂತು ನೋಡುವ ನೋಟವಾಗಿರಲಿಲ್ಲ. ಈ ಅಭಿರುಚಿಯನ್ನು ಬದಲಿಸಿದ ವಿಚಾರಗಳಲ್ಲಿ ಮುಖ್ಯವಾದುದು ಎಡ್ಮಂಡ್ ಬರ್ಕ್ 1757ರಲ್ಲಿ ಮಂಡಿಸಿದ ಭವ್ಯತೆಯ ಸಿದ್ಧಾಂತ. ಅಗಾಧವೂ ಭಯಂಕರವೂ ಆದುದನ್ನು ಅಪಾಯವಿಲ್ಲದ ದೂರದಿಂದ ಕಂಡಾಗ ಆ ಭಯವೇ ಒಂದು ಬಗೆಯ ಆನಂದವಾಗುತ್ತದೆ ಎಂಬುದು ಅದರ ತಿರುಳು. ರಮ್ಯ ಪಂಥದ, ಅಂದರೆ ನಿಯಮಕ್ಕಿಂತ ಭಾವಕ್ಕೆ ಹೆಚ್ಚು ಬೆಲೆ ಕೊಟ್ಟ ಕಲಾ ಚಳವಳಿಯ, ಚಿತ್ರಕಾರರು ಬಂಡೆ, ಕಮರಿ, ಹಿಮಶಿಖರಗಳತ್ತ ತಿರುಗಿದ್ದು ಈ ಹಿನ್ನೆಲೆಯಲ್ಲಿ.

ಆದರೆ ಅವರ ಚಿತ್ರಗಳು ಕಂಡದ್ದರ ಯಥಾವತ್ ದಾಖಲೆಗಳಲ್ಲ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ (1774–1840) 1824–25ರಲ್ಲಿ ಬರೆದ ‘ವಾಟ್ಸ್‌ಮನ್’ ಚಿತ್ರದಲ್ಲಿ ಬವೇರಿಯಾದ ಆ ಹೆಸರಿನ ಶಿಖರ ಹಿಮ ಹೊದ್ದು ನಿಂತಿದೆ. ದಾರಿಯಿಲ್ಲ, ಮನೆಯಿಲ್ಲ, ಮನುಷ್ಯನ ಸುಳಿವೇ ಇಲ್ಲ. ಸೋಜಿಗವೆಂದರೆ ಫ್ರೀಡ್ರಿಶ್ ಆಲ್ಪ್ಸ್ ಪರ್ವತಗಳನ್ನು ಎಂದೂ ಕಂಡವನಲ್ಲ. ಶಿಖರದ ರೂಪವನ್ನು ತೀರಿಹೋಗಿದ್ದ ಶಿಷ್ಯ ಆಗಸ್ಟ್ ಹೈನ್‌ರಿಶ್‌ನ ಜಲವರ್ಣ ಚಿತ್ರದಿಂದ ಪಡೆದು, ಅದರ ಮುಂದೆ, ಉತ್ತರಕ್ಕೆ ನೂರಾರು ಕಿಲೋಮೀಟರ್ ದೂರದ ಹಾರ್ಟ್ಸ್ ಬೆಟ್ಟಗಳಲ್ಲಿ ತಾನೇ ಗೀಚಿಕೊಂಡಿದ್ದ ಬಂಡೆಯೊಂದನ್ನು ನಿಲ್ಲಿಸಿ, ಎರಡನ್ನೂ ಒಂದೇ ನೆಲದವೆಂಬಂತೆ ಅವನು ಬೆಸೆದನು. ಗೆಳೆಯ ಕೆರ್ಸ್ಟಿಂಗ್ 1811ರಲ್ಲಿ ಚಿತ್ರಿಸಿದ ಫ್ರೀಡ್ರಿಶ್‌ನ ಕೆಲಸದ ಕೋಣೆ ಬಹುತೇಕ ಬರಿದಾಗಿದ್ದು, ಕಿಟಕಿಯ ಕೆಳಭಾಗವೂ ಮುಚ್ಚಿರುವುದರಿಂದ ಒಳಗೆ ಬರುವುದು ಮೇಲಿನ ಬೆಳಕು ಮಾತ್ರ. ಕಾಡುಬೆಟ್ಟಗಳು ಹುಟ್ಟಿದ್ದು ಇಂಥ ಜಾಗದಲ್ಲಿ. ಮಂಜಿನ ಕಡಲನ್ನು ದಿಟ್ಟಿಸುವ ಅಲೆಮಾರಿಯ ಪ್ರಸಿದ್ಧ ಚಿತ್ರವೂ (ಸುಮಾರು 1818) ಎಲ್ಬೆ ನದೀತೀರದ ಮರಳುಗಲ್ಲಿನ ಬೆಟ್ಟಗಳಲ್ಲಿ ಬೇರೆ ಬೇರೆಡೆ ಮಾಡಿಕೊಂಡ ರೇಖಾಚಿತ್ರಗಳ ಜೋಡಣೆಯೇ.

ಇಂಗ್ಲೆಂಡಿನ ಜೇಮ್ಸ್ ವಾರ್ಡ್ ಇನ್ನೊಂದು ದಾರಿ ಹಿಡಿದನು. ಯಾರ್ಕ್‌ಷೈರಿನ ‘ಗೋರ್ಡೇಲ್ ಸ್ಕಾರ್’ ಎಂಬ ಸುಣ್ಣಕಲ್ಲಿನ ಕಮರಿಯನ್ನು ಅವನು 1812–14ರ ನಡುವೆ ಮೂರು ಮೀಟರಿಗೂ ಎತ್ತರದ ಬಟ್ಟೆಯ ಮೇಲೆ ಬರೆದು, ಬಂಡೆಗೋಡೆಗಳನ್ನು ಇದ್ದುದಕ್ಕಿಂತ ಹೆಚ್ಚು ಎತ್ತರಿಸಿದನು. ಬುಡದಲ್ಲಿ ನಿಂತ ದನಗಳು ಅವುಗಳೆದುರು ಕಿರಿದಾಗಿ ಕಾಣುತ್ತವೆ. ವಾರ್ಡ್‌ನ ಬಂಡೆಗಳು ನೋಡುಗನನ್ನು ಬೆದರಿಸಲೆಂದೇ ನಿಂತಂತಿದ್ದು ಆ ಉದ್ದೇಶ ಬೇಗನೆ ಬಯಲಾಗುತ್ತದೆ. ನೋಡುಗನಿದ್ದಾನೆಂಬ ಪರಿವೆಯೇ ಇಲ್ಲದ ಫ್ರೀಡ್ರಿಶ್‌ನ ಶಿಖರವೇ ಹೆಚ್ಚು ಅಳುಕು ಹುಟ್ಟಿಸುತ್ತದೆ.