ಸವೆದು ಬಾಲವಾದ ‘ನಾಟ್’

‘ಡೋಂಟ್’, ‘ಕಾಂಟ್’ ಎಲ್ಲ ಆಡುಮಾತಿನ ಅವಸರ, ಬರೆಯುವಾಗ ‘ಡು ನಾಟ್’, ‘ಕ್ಯಾನಾಟ್’ ಎಂದೇ ಬರೆಯಬೇಕು ಎಂದು ಶಾಲೆಯಲ್ಲಿ ಕಲಿತವರು ನಾವು. ಇಂಗ್ಲಿಷಿನ ಚರಿತ್ರೆ ನೋಡಿದರೆ ಬೇರೆಯೇ ಕಾಣುತ್ತದೆ. ನಿಷೇಧವನ್ನು ಕ್ರಿಯಾಪದಕ್ಕೆ ಅಂಟಿಸುವುದು ಆ ಭಾಷೆಯ ಬಹು ಹಳೆಯ ರೂಢಿ.

ಸಾವಿರ ವರ್ಷಗಳ ಹಿಂದೆ ಆ ಅಂಟು ಪದದ ತಲೆಯಲ್ಲಿತ್ತು. ‘ನೆ’ ಎಂಬ ನಿಷೇಧ ‘ಇಸ್’ ಜೊತೆ ಕೂಡಿ ‘ನಿಸ್’ ಆಗುತ್ತಿತ್ತು, ‘ವಿಲ್ಲೆ’ ಜೊತೆ ಕೂಡಿ ‘ನೆಲ್ಲೆ’ ಆಗುತ್ತಿತ್ತು. ನಮ್ಮ ‘ಒಲ್ಲೆ’ಯಂತೆ ಇಡೀ ನಿರಾಕರಣೆ ಒಂದೇ ಪದದಲ್ಲಿ! ಇಂದಿನ ‘ನೆವರ್’, ‘ನನ್’ಗಳ ಮೊದಲ ನಕಾರ ಆ ‘ನೆ’ಯ ಉಳಿಕೆ.

ಆದರೆ ಅಷ್ಟು ಸಣ್ಣ ದನಿ ಮಾತಿನ ನಡುವೆ ಕೇಳದೇ ಹೋಗಬಹುದು. ಒತ್ತು ಬೇಕೆಂದು ಜನ ‘ಏನೊಂದೂ ಇಲ್ಲ’ ಎಂಬರ್ಥದ ‘ನಾವಿಹ್ಟ್’ ಪದವನ್ನು ಸೇರಿಸತೊಡಗಿದರು. ಅದು ಸವೆದು ‘ನಾಟ್’ ಆಯಿತು. 14ನೇ ಶತಮಾನದ ಕವಿ ಚಾಸರ್‌ನಲ್ಲಿ ಕ್ರಿಯಾಪದಕ್ಕೆ ಮೊದಲು ‘ನೆ’, ಆಮೇಲೆ ‘ನಾಟ್’ ಎರಡೂ ಸಿಗುತ್ತವೆ. ಕ್ರಮೇಣ ‘ನೆ’ ಬಿದ್ದುಹೋಗಿ, ನೆರವಿಗೆ ಬಂದದ್ದೇ ಯಜಮಾನನಾಯಿತು. ಹೀಗೆ ನಿಷೇಧ ಸವೆಯುವುದು, ಬಲಗೊಳ್ಳುವುದು, ಮತ್ತೆ ಸವೆಯುವುದು ಹಲವು ಭಾಷೆಗಳಲ್ಲಿದೆ ಎಂದು ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೋ ಯೆಸ್ಪರ್ಸನ್ 1917ರಲ್ಲಿ ತೋರಿಸಿಕೊಟ್ಟರು.

17ನೇ ಶತಮಾನದಲ್ಲಿ ಸವೆಯುವ ಸರದಿ ‘ನಾಟ್’ನದು. ‘ಡೋಂಟ್’, ‘ಶಾಂಟ್’, ‘ವೋಂಟ್’ಗಳು ಬರಹಕ್ಕೂ ಬಂದವು. ‘ವೋಂಟ್’ನಲ್ಲಿ ‘ವಿಲ್’ ಕಾಣುವುದಿಲ್ಲ, ಏಕೆಂದರೆ ಅದರ ಬೇರು ‘ವಿಲ್’ನ ಹಳೆಯ ರೂಪ ‘ವೋಲ್’. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇಂಥ ಮೊಟಕು ರೂಪಗಳ ಮೇಲೆ ಹರಿಹಾಯ್ದ. ಜನ ಕೇಳಲಿಲ್ಲ.

ಕೇಳದಿದ್ದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅಲ್ಲಿ ಹೊಸ ವ್ಯಾಕರಣವೇ ಹುಟ್ಟುತ್ತಿತ್ತು. ಈ ‘ನ್ಟ್’ ಈಗ ಮೊಟಕಾದ ಪದವಲ್ಲ, ಪ್ರತ್ಯಯ ಎಂದು ಭಾಷಾವಿಜ್ಞಾನಿಗಳಾದ ಆರ್ನಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲಮ್ 1983ರಲ್ಲಿ ವಾದಿಸಿದರು. ‘ಇಸಂಟ್ ಹೀ?’ ಎಂದು ಕೇಳುವವರು ‘ಇಸ್ ನಾಟ್ ಹೀ?’ ಎನ್ನುವುದಿಲ್ಲ. ಅಂದರೆ ‘ನ್ಟ್’ ಕ್ರಿಯಾಪದದ ಅಂಗವಾಗಿ ಅದರ ಜೊತೆಗೇ ಜಾಗ ಬದಲಿಸುತ್ತದೆ. ಪ್ರತ್ಯಯಗಳಿಗೆ ಇರುವಂತೆ ಇದಕ್ಕೂ ಹೊಂದದ ಜಾಗಗಳಿವೆ. ‘ಆಮ್’ಗೆ ಹತ್ತಿದ ‘ಆಮಂಟ್’ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಜೀವಂತವಾಗಿದೆ, ಉಳಿದೆಡೆ ಅಪರೂಪ. ಆ ತೆರಪನ್ನು ‘ಏಂಟ್’ ಚೆನ್ನಾಗಿ ತುಂಬುತ್ತಿತ್ತು. ವ್ಯಾಕರಣದ ಮೇಷ್ಟ್ರುಗಳು ಅದನ್ನು ಅಶಿಷ್ಟವೆಂದು ದೂರವಿಟ್ಟರು. ಇವತ್ತು ‘ಐ ಆರ್’ ಎಂದು ಎಂದೂ ಹೇಳದವರೂ ‘ಆರಂಟ್ ಐ?’ ಎಂದು ಕೇಳುತ್ತಾರೆ.