ಮೌಸ್ ಪರೀಕ್ಷೆ: ಅಂಗಡಿಯಲ್ಲಲ್ಲ, ಸಂಜೆಯ ಮಣಿಕಟ್ಟಿನಲ್ಲಿ

ಪಣಜಿಯ 18 ಜೂನ್ ರಸ್ತೆಯ ಬಳಿಯ ಓಣಿಯೊಂದರ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಗಳು ಕನ್ನಡ, ಮರಾಠಿ, ರೋಮನ್ ಲಿಪಿಯ ಕೊಂಕಣಿ ಮೂರರಲ್ಲೂ ತಯಾರಾಗುತ್ತವೆ. ಅಲ್ಲಿ ಆಪರೇಟರ್ ಆಗಿರುವ ಗದಗ ಕಡೆಯ ಅಕ್ಕನ ಮೇಜಿನ ಮೇಲೆ ಒಂದೇ ಕಂಪ್ಯೂಟರಿಗೆ ಎರಡು ಮೌಸ್! ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಬಳ್ಳಿಯ ಅಂಚು ತಿದ್ದುವಾಗ ಮಾಮೂಲಿ ಮೌಸ್. ಪುಟಗಟ್ಟಲೆ ಪ್ರೂಫ್ ತಿದ್ದುವಾಗ ಕೈಯನ್ನು ಪಕ್ಕಕ್ಕೆ ನಿಲ್ಲಿಸಿ ಹಿಡಿಯುವ ವರ್ಟಿಕಲ್ ಮೌಸ್. ಯಾಕೆಂದು ಕೇಳಿದೆ.

“ಅಂಗಡ್ಯಾಗ ಹಿಡದ್ರ ಎಲ್ಲಾ ಚಲೋನ ಅನಸ್ತಾವ್ರಿ. ಖರೇ ಏನಂತ ಸಂಜಿಗೆ ಮಣಿಕಟ್ಟು ಹೇಳ್ತೈತಿ,” ಎಂದರು.

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಏಕೆಂದರೆ ಮೌಸ್ ಹುಟ್ಟಿದ ಪ್ರಯೋಗಾಲಯದಲ್ಲೇ ಇದಕ್ಕೆ ಸಾಕ್ಷಿಯಿದೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿದ್ದನ್ನು ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿಕೊಟ್ಟರು: ಮರದ ಡಬ್ಬಿ, ಕೆಳಗೆ ಎರಡು ಚಕ್ರ, ಮೇಲೊಂದು ಗುಂಡಿ. ಅದರ ಯೋಗ್ಯತೆಯನ್ನು ಅವರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಪರದೆಗೇ ಹಿಡಿಯುವ ಲೈಟ್ ಪೆನ್, ಜಾಯ್‌ಸ್ಟಿಕ್ ಮುಂತಾದವುಗಳ ಜೊತೆ ಪಂದ್ಯಕ್ಕಿಟ್ಟು, ಫಲಿತಾಂಶವನ್ನು 1967ರಲ್ಲಿ ಪ್ರಕಟಿಸಿದರು.

ಆ ಪಂದ್ಯದಲ್ಲಿ ನನಗೆ ಅಚ್ಚುಮೆಚ್ಚು ಮೊಣಕಾಲಿನ ಸಾಧನ. ಮೇಜಿನಡಿ ಕೂರಿಸಿದ ಸನ್ನೆಗೋಲು. ಮೊಣಕಾಲನ್ನು ಅತ್ತಿತ್ತ ಸರಿಸಿದರೆ ಪರದೆಯ ಗುರುತು ಅಡ್ಡ ಸರಿಯುತ್ತದೆ, ಎತ್ತಿ ಇಳಿಸಿದರೆ ಮೇಲೆ ಕೆಳಗೆ ಹೋಗುತ್ತದೆ. ಅದರ ದೊಡ್ಡ ಲಾಭವೆಂದರೆ ಕೈ ಕೀಬೋರ್ಡ್ ಬಿಟ್ಟು ಏಳಬೇಕಾಗಿಲ್ಲ. ಹೊಸಬರ ಕೈಯಲ್ಲಿ, ಅಲ್ಲ, ಕಾಲಲ್ಲಿ ಅದು ಮೌಸ್‌ಗಿಂತ ಬೇಗ ಗುರಿ ಮುಟ್ಟಿತು! ಲೈಟ್ ಪೆನ್ ಕೂಡ ಹೊಸಬರಿಗೆ ಮೌಸ್‌ಗಿಂತ ಚುರುಕು. ಆದರೆ ಪಳಗಿದವರ ಸರದಿ ಬಂದಾಗ ಮೌಸ್ ಮುಂದಾಯಿತು, ತಪ್ಪೂ ಕಡಿಮೆ. ಹೊಸಬರ ಮೊದಲ ಪ್ರಯತ್ನವನ್ನಷ್ಟೇ ನಂಬಿದ್ದರೆ ಇವತ್ತು ನಾವೆಲ್ಲ ಮೇಜಿನಡಿ ಮೊಣಕಾಲು ಆಡಿಸುತ್ತಿದ್ದೆವೇನೋ.

ಮುಂದೆ ಅಳತೆಗೆ ಶಾಸ್ತ್ರವೇ ಬಂತು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಹೊತ್ತು ಹೆಚ್ಚು ಎಂಬ ಮನೋವಿಜ್ಞಾನಿ ಪಾಲ್ ಫಿಟ್ಸ್ ಅವರ 1954ರ ಸೂತ್ರವನ್ನು 1978ರಲ್ಲಿ ಸಂಶೋಧಕರಾದ ಕಾರ್ಡ್, ಅದೇ ಬಿಲ್ ಇಂಗ್ಲಿಷ್ ಮತ್ತು ಬರ್ ಮೌಸ್‌ಗೆ ಅನ್ವಯಿಸಿದರು. 2000ದ ಐಎಸ್‌ಒ 9241-9 ಮಾನದಂಡದಲ್ಲಿ ವೃತ್ತಾಕಾರದಲ್ಲಿ ಜೋಡಿಸಿದ ಗುರಿಗಳನ್ನು ಒತ್ತಿಸುವ ವೇಗ ಪರೀಕ್ಷೆಯೂ ಇತ್ತು, ಬೆರಳು, ಮಣಿಕಟ್ಟು, ತೋಳು, ಭುಜ, ಕುತ್ತಿಗೆ ದಣಿದವೇ ಎಂದು ಕೇಳುವ ಪ್ರಶ್ನಾವಳಿಯೂ ಇತ್ತು. ವೇಗ ಮತ್ತು ಸುಖವನ್ನು ಬೇರೆ ಬೇರೆ ಅಳೆದದ್ದೇ ಅದರ ಹೆಚ್ಚುಗಾರಿಕೆ. ವರ್ಟಿಕಲ್ ಮೌಸ್‌ನಲ್ಲಿ ಮುಂಗೈ ತಿರುಚಿಕೊಳ್ಳುವುದು ಕಡಿಮೆ, ಸೂಕ್ಷ್ಮ ಗುರಿಗೆ ಮಾತ್ರ ಕೈ ತುಸು ನಿಧಾನ. ಅಕ್ಕ ಎರಡನ್ನೂ ಇಟ್ಟುಕೊಂಡದ್ದು ಅದಕ್ಕೇ.

ಹಾಗಾಗಿ ಮೌಸ್ ಕೊಳ್ಳುವಾಗ, ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅಂಕಿಯ ಮೇಲೆ ನನಗೆ ನಂಬಿಕೆಯಿಲ್ಲ. ಅದು ಸಂವೇದಕದ ಗುಣವೇ ಹೊರತು ಕೈಯದ್ದಲ್ಲ. ಪಣಜಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಮೇಲ್ಮೈ: ಮೆತ್ತನೆಯ ರಬ್ಬರ್ ಲೇಪನ ಕರಾವಳಿಯ ತೇವಕ್ಕೆ ಕೆಲವು ಮಳೆಗಾಲಗಳಲ್ಲಿ ಅಂಟಂಟಾಗುತ್ತದೆ. ಬರೀ ಪ್ಲಾಸ್ಟಿಕ್ ಮೈಯದ್ದನ್ನೇ ಕೊಳ್ಳಿ. ಬಿಲ್ ಜೋಪಾನ ಮಾಡಿ, ವಾಪಸ್ ಕೊಡುವ ಗಡುವಿನೊಳಗೆ ನಿಮ್ಮದೇ ಕೆಲಸದಲ್ಲಿ ಅದನ್ನು ದಿನವಿಡೀ ದುಡಿಸಿ ನೋಡಿ.