ತುಳಸಿ, ಕಾಳುಮೆಣಸು ಮತ್ತು ಗಾಂಜಾದ ನಂಟು

ಕೆಲವು ವಾರಗಳ ಹಿಂದೆ ಬಿಕ್ಕೋಡಿನ ನಮ್ಮ ಸಂಘದ ಕಚೇರಿಗೆ ಮಾರಾಟಗಾರರೊಬ್ಬರು ಬಂದು, ತುಳಸಿ ಎಣ್ಣೆಯ ಸೀಸೆಯನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಗಾಂಜಾದ ಔಷಧ ಗುಣವಿದೆ, ಇನ್ನು ಮಂಡಿನೋವಿಗೆ ಮಾತ್ರೆ ಬೇಡ" ಎಂದರು. ಹಿರಿಯ ಸದಸ್ಯರೊಬ್ಬರು ಎರಡು ಸೀಸೆ ಕೊಂಡು, ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಎಂಟೇ ದಿನಗಳಲ್ಲಿ ಹಾಸಿಗೆ ಹಿಡಿದರು. ಈಗ ಚೇತರಿಸಿಕೊಂಡಿದ್ದಾರೆ. ಆದರೂ ಈ ವಿಷಯವನ್ನು ಸದಸ್ಯ ಬಂಧುಗಳಿಗೆ ವಿವರಿಸುವುದು ಅಗತ್ಯವೆಂದು ತೋರಿತು.

ಮಾರಾಟಗಾರರ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಜೀವಕೋಶಗಳ ಮೇಲೆ ಬೀಗಗಳಂತಹ ಗ್ರಾಹಕಗಳಿವೆ. ಗಾಂಜಾದ ಮತ್ತೇರಿಸುವ ಅಂಶವನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬೇರ್ಪಡಿಸಿದರು. ಅದು ಕೀಲಿಕೈಯಂತೆ ಹೊಂದುವ ಬೀಗಗಳು ಮುಖ್ಯವಾಗಿ ಎರಡು. 1990ರಲ್ಲಿ ಗುರುತಿಸಿದ ಮೊದಲನೆಯದು ಹೆಚ್ಚಾಗಿ ಮೆದುಳಿನಲ್ಲಿದೆ, ಮತ್ತೇರುವುದು ಇದರಿಂದ. 1993ರಲ್ಲಿ ಗುರುತಿಸಿದ ಎರಡನೆಯದು ಹೆಚ್ಚಾಗಿ ರೋಗನಿರೋಧಕ ಕಣಗಳ ಮೇಲಿದ್ದು, ಉರಿಯೂತಕ್ಕೆ ಸಂಬಂಧಿಸಿದೆ. ದೇಹ ತಾನೇ ತಯಾರಿಸಿಕೊಳ್ಳುವ ಇಂತಹುದೇ ಕೀಲಿಕೈಯೊಂದು 1992ರಲ್ಲಿ ಪತ್ತೆಯಾದಾಗ, ಸಂಸ್ಕೃತದ 'ಆನಂದ' ಶಬ್ದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು.

ಗಾಂಜಾದ ಎಣ್ಣೆಯಲ್ಲಿ ಬೀಟಾ-ಕ್ಯಾರಿಯೋಫಿಲಿನ್ ಎಂಬ ಇನ್ನೊಂದು ಅಂಶವೂ ಇದೆ. ಅದೇ ಅಂಶ ನಮ್ಮ ಅಂಗಳದ ತುಳಸಿಯಲ್ಲಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿರುವ ಮೆಣಸಿನಲ್ಲಿ, ಲವಂಗದಲ್ಲಿ ಕೂಡ ಇದೆ. ಅದು ಎರಡನೆಯ ಬೀಗಕ್ಕೆ ಮಾತ್ರ ಹೊಂದುತ್ತದೆಂದು ಯುರೋಪಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಬಾಯಿಯ ಮೂಲಕ ಕೊಟ್ಟಾಗ ಚಿಟ್ಟಿಲಿಗಳ ಪಾದದ ಊತ ಕಡಿಮೆಯಾಯಿತು. ಆ ಬೀಗವೇ ಇಲ್ಲದ ಚಿಟ್ಟಿಲಿಗಳಲ್ಲಿ ಆಗಲಿಲ್ಲ. ಮೆಣಸಿನ ಸಾರು ಕುಡಿದು ಯಾರಿಗೂ ಮತ್ತೇರದಿರುವುದಕ್ಕೂ ಇದೇ ಕಾರಣ: ಮೊದಲ ಬೀಗಕ್ಕೆ ಇದು ಹೊಂದುವುದಿಲ್ಲ.

ಆದರೆ ಚಿಟ್ಟಿಲಿಗಳಿಗೆ ಕೊಟ್ಟದ್ದು ತೂಗಿ ಅಳೆದ ಶುದ್ಧ ಅಂಶ. ತುಳಸಿ ಎಣ್ಣೆಯಲ್ಲಿ ಅದರ ಪ್ರಮಾಣ ತಳಿ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆ ಸೀಸೆಯ ಚೀಟಿಯ ಮೇಲೆ ಪ್ರಮಾಣವನ್ನೇ ನಮೂದಿಸಿರಲಿಲ್ಲ. ಕಷಾಯ ಮಾಡಿದರೂ ಈ ಅಂಶ ನೀರಿನಲ್ಲಿ ಕರಗದು. ಪಾತ್ರೆ ಮುಚ್ಚದೆ ಕುದಿಸಿದರೆ ಎಣ್ಣೆಯಂಶ ಹಬೆಯೊಡನೆ ಹೋಗುತ್ತದೆ.

ಆದುದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ನೆಗಡಿಗೆ ತುಳಸಿ-ಮೆಣಸಿನ ಕಷಾಯ ಎಂದಿನಂತೆ ಇರಲಿ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

2. ಭಟ್ಟಿ ಇಳಿಸಿದ ಗಟ್ಟಿ ಎಣ್ಣೆಯನ್ನು ಹಾಗೆಯೇ ಕುಡಿಯಬಾರದು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವಿಶೇಷ ಎಚ್ಚರ ವಹಿಸಬೇಕು.

3. ಔಷಧಿಯ ಹೆಸರಿನಲ್ಲಿ ಯಾರಾದರೂ ಗಾಂಜಾ ಬೀಜ ಕೊಟ್ಟರೆ ತೋಟದಲ್ಲಿ ಹಾಕಬೇಡಿ. 1985ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಬೆಳೆಯುವುದು ಅಪರಾಧ.

4. ಎಣ್ಣೆಗಾಗಿ ತುಳಸಿ ಬೆಳೆಯಲಿಚ್ಛಿಸುವವರು ಖರೀದಿದಾರರಿಂದ ದರ, ಪ್ರಮಾಣಗಳ ಲಿಖಿತ ಒಪ್ಪಂದ ಪಡೆದ ಮೇಲೆಯೇ ನಾಟಿಗೆ ಇಳಿಯಬೇಕು.

ಇಂತಹ ಸೀಸೆ ನಿಮ್ಮ ಮನೆ ಬಾಗಿಲಿಗೂ ಬಂದರೆ, ಹಣ ಕೊಡುವ ಮುನ್ನ ಅದರ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ